ಮೌನ ಸಮ್ಮತಿಯಲ್ಲ ಎಂಬುದನ್ನು ಪಾಠಯೋಜನೆಯಲ್ಲಿ ಎಲ್ಲಿ ಬರೆಯಬೇಕು?

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ‘ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?’ ಎಂಬ ಅಧ್ಯಾಯವಿದೆ. ನಾನು ವೀಕ್ಷಿಸಿದ ಬಹುಪಾಲು ಪಾಠಗಳಲ್ಲಿ ಅಮೀಬಾ, ಹೈಡ್ರಾ, ದಾಸವಾಳಗಳಿಗೆ ಚಾರ್ಟು, ಮಾದರಿ ಎಲ್ಲ ಇದ್ದವು. ಮಾನವನ ಭಾಗ ಬಂದಾಗ ಮಾತ್ರ ಚಿತ್ರ ಬರೆಸಿ, ಭಾಗ ಗುರುತಿಸಿ, ಮುಂದೆ. ಒಬ್ಬರನ್ನೊಬ್ಬರು ಕೇಳಿ ನಡೆದುಕೊಳ್ಳುವ ಮಾತು ಎಲ್ಲೂ ಬರಲಿಲ್ಲ. ಅದು ಆಪ್ತಸಮಾಲೋಚಕರ ಕೆಲಸ, ನಮ್ಮದಲ್ಲ ಎನ್ನುತ್ತಾರೆ ಸಹಪಾಠಿಗಳು.

ಅರ್ಧ ಮಾತ್ರ ಸರಿ. ಲೈಂಗಿಕತೆಯ ಬಗ್ಗೆ ಸಮಾಲೋಚನೆ ಮಾಡುವವರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಆನನ್ 1976ರಲ್ಲಿ ‘ಪ್ಲಿಸಿಟ್’ ಎಂಬ ನಾಲ್ಕು ಮೆಟ್ಟಿಲಿನ ಮಾದರಿ ಕೊಟ್ಟರು. ಮೊದಲನೆಯದು ಅನುಮತಿ, ಅಂದರೆ ಈ ವಿಷಯ ಇಲ್ಲಿ ಮಾತಾಡಬಹುದು ಎಂಬ ಧೈರ್ಯ. ಎರಡನೆಯದು ಸೀಮಿತ ಮಾಹಿತಿ. ಆಮೇಲೆ ನಿರ್ದಿಷ್ಟ ಸಲಹೆ, ತೀವ್ರ ಚಿಕಿತ್ಸೆ. ಹೆಚ್ಚಿನವರಿಗೆ ಮೊದಲ ಮೆಟ್ಟಿಲುಗಳೇ ಸಾಕು, ಕೊನೆಯದರ ತನಕ ಹೋಗಬೇಕಾದವರು ಕೆಲವರೇ ಎಂಬುದು ಅವರ ಲೆಕ್ಕ. ಕೊನೆಯ ಎರಡಕ್ಕೆ ನಾವು ಕೈ ಹಾಕಬಾರದು. ಮೊದಲ ಎರಡನ್ನು ವಿಜ್ಞಾನ ಶಿಕ್ಷಕರಲ್ಲದೆ ಇನ್ನಾರು ಮಾಡಬೇಕು?

ನನ್ನ ಬೋಧನಾಭ್ಯಾಸದಲ್ಲಿ ಹೆಸರು ಬರೆಯದೆ ಚೀಟಿ ಹಾಕುವ ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದೆ. ಹೆಚ್ಚಿನವು ಮುಟ್ಟು, ಮೊಡವೆ, ಎತ್ತರದ ಬಗ್ಗೆ. ಒಂದರಲ್ಲಿ ಹೀಗಿತ್ತು: ‘ಬೇಡ ಅಂದರೂ ಫೋಟೊ ಕಳಿಸು ಅಂತಾನೆ. ಮೊದಲು ಒಂದು ಸಲ ಕಳಿಸಿದ್ದೆ. ಈಗ ಬೇಡ ಅನ್ನಬಹುದಾ?’ ಚೀಟಿಯನ್ನು ಮುಖ್ಯ ಶಿಕ್ಷಕಿಯವರಿಗೆ ಒಪ್ಪಿಸಿ, ಅವರೊಡನೆ ಮಾತಾಡಿ, ಮರುದಿನ ಹುಡುಗ ಹುಡುಗಿಯರನ್ನು ಒಟ್ಟಿಗೇ ಕೂರಿಸಿ ಉತ್ತರ ಹೇಳಿದೆ. (ಬೇರೆ ಬೇರೆ ಕೂರಿಸಿ ಎಂಬ ಸಲಹೆಯೂ ಬಂದಿತ್ತು. ‘ಬೇಡ’ ಎಂಬುದನ್ನು ಕೇಳಿಸಿಕೊಳ್ಳಬೇಕಾದವರೇ ಹೊರಗಿದ್ದರೆ ಹೇಗೆ?)

‘ಮೌನಂ ಸಮ್ಮತಿ ಲಕ್ಷಣಂ’ ಎಂದು ಕರಿಹಲಗೆಯ ಮೇಲೆ ಬರೆದೆ. ಎಲ್ಲರಿಗೂ ಗೊತ್ತಿದ್ದ ಮಾತು. ಪಕ್ಕದವರ ಜ್ಯಾಮಿಟ್ರಿ ಬಾಕ್ಸನ್ನು ಕೇಳದೆ ತೆಗೆದಾಗ ಅವರು ಸುಮ್ಮನಿದ್ದರೆ ಒಪ್ಪಿದಂತೆಯೇ ಎಂದು ಕೇಳಿದೆ. ‘ಜಗಳ ಯಾಕೆ ಅಂತ ಸುಮ್ಮನಿರ್ತೀವಿ ಮಿಸ್’ ಎಂದಳು ಒಬ್ಬಳು. ನಿನ್ನೆ ಕೊಟ್ಟವರು ಇವತ್ತು ಕೊಡುವುದಿಲ್ಲ ಎನ್ನಬಹುದೇ? ಹುಡುಗರೇ ಮೊದಲು ‘ಅನ್ನಬಹುದು’ ಎಂದರು. ಅಲ್ಲಿಂದ ಫೋಟೊ ವಿಷಯಕ್ಕೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಮ್ಮೆ ಕಳಿಸಿದ್ದರೂ ಈಗ ಬೇಡ ಎನ್ನಬಹುದು, ಪೀಡಿಸಿದವರದೇ ತಪ್ಪು, ನಂಬಿಕೆಯ ಹಿರಿಯರಿಗೆ ಹೇಳಿ, ಇಲ್ಲವೇ 1098ಕ್ಕೆ ಕರೆ ಮಾಡಿ ಎಂದು ಹೇಳಿ ನಿಲ್ಲಿಸಿದೆ. ಅದು ಸೀಮಿತ ಮಾಹಿತಿ.

ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರ ಒಪ್ಪಿಗೆಗೆ ಬೆಲೆಯೇ ಇಲ್ಲ, ಇನ್ನು ಒಪ್ಪಿಗೆಯ ಪಾಠ ಯಾಕೆ ಎಂದು ಚರ್ಚೆಯಲ್ಲಿ ಒಬ್ಬರು ಕೇಳಿದರು. ಕಾನೂನು ಮಗುವನ್ನು ಕಾಯಲು ಹಾಗೆ ಹೇಳಿದೆ. ಕೇಳಿ ಮುಟ್ಟುವುದು, ಬೇಡ ಎಂದಾಗ ಹಿಂದೆ ಸರಿಯುವುದು ಹದಿನೆಂಟರ ಹುಟ್ಟುಹಬ್ಬದ ದಿನ ತಾನಾಗಿ ಬರುವುದಿಲ್ಲವಲ್ಲ.

ಅದೇ 2012ರ ಕಾಯ್ದೆಯ 19ನೆಯ ಕಲಂ ಬಗ್ಗೆ ನಮ್ಮ ತರಬೇತಿಯಲ್ಲಿ ಹೆಚ್ಚು ಮಾತು ಬೇಕು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದರೆ ಶಿಕ್ಷಕರಾದಿಯಾಗಿ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆಯುಂಟು. ಹಾಗಿರುವಾಗ ‘ಹೇಳು ಪುಟ್ಟಾ, ಯಾರಿಗೂ ಹೇಳಲ್ಲ’ ಎನ್ನುವ ಹಕ್ಕು ನಮಗಿಲ್ಲ. ಒಳ್ಳೆಯ ಸಮಾಲೋಚಕರು ಗೌಪ್ಯತೆಯ ಮಿತಿಯನ್ನು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತಾರೆ. ‘ನಿನಗೆ ಅಪಾಯವಿದ್ದರೆ ನಾನು ಬೇರೆಯವರಿಗೆ ಹೇಳಬೇಕಾಗುತ್ತದೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ’ ಎಂದು ಕೇಳಿಸಿಕೊಂಡ ಮೇಲೆ ಬಾಯಿ ಬಿಡುವುದೋ ಬಿಡದಿರುವುದೋ ಮಗುವಿನ ಆಯ್ಕೆ. ಮಗು ಎದ್ದುಹೋಗಲೂಬಹುದು ಎಂಬ ಭಯ ನನಗೂ ಇದೆ. ಆದರೂ ಮೊದಲೇ ಹೇಳಬೇಕು.

ಅಧ್ಯಾಪಕರಲ್ಲಿ ಒಂದು ಕೋರಿಕೆ. ಸೂಕ್ಷ್ಮ ಬೋಧನೆಯಲ್ಲಿ ಕರಿಹಲಗೆ ಬಳಸುವ ಕೌಶಲಕ್ಕೆ ಆರು ನಿಮಿಷ ಕೊಡುತ್ತೀರಿ. ಈ ಎರಡು ವಾಕ್ಯ ಹೇಳುವುದಕ್ಕೂ ಆರು ನಿಮಿಷ ಕೊಡಿ. ನಮ್ಮಲ್ಲೊಬ್ಬರು ಮಗುವಾಗಿ ಎದುರಿಗೆ ಕೂರುತ್ತೇವೆ.