ಪಾಸಿನೊಂದಿಗೆ ಬಸ್ಸೂ ಬೇಕು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆ ಊರಲ್ಲೇ ಇದ್ದರೂ ಪ್ರೌಢಶಾಲೆ ಪಕ್ಕದೂರಿನಲ್ಲಿದೆ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷಕ್ಕೆ ಮುಗಿಯುತ್ತದೆ. ಶಾಲೆಯ ದಾರಿ ದೂರವಾಗುವುದೂ ಬಹುತೇಕ ಅದೇ ವಯಸ್ಸಿನಲ್ಲಿ.

ಈ ಕೊರತೆ ನೀಗಲೆಂದು ಸರ್ಕಾರವು 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡತೊಡಗಿತು. ಕೋವಿಡ್ ಕಾಲದಲ್ಲಿ ನಿಂತ ಆ ಯೋಜನೆ, ಶಾಲೆಗಳು ತೆರೆದ ಮೇಲೂ ವರ್ಷಗಟ್ಟಲೆ ಮರಳಲಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಬಾಲಕಿಯರಿಗೆ ಬಸ್ ಪ್ರಯಾಣ ಉಚಿತವಾದುದು ಸ್ತುತ್ಯರ್ಹ. ಬಾಲಕರಿಗೆ ರಿಯಾಯಿತಿ ಪಾಸಿದೆ. ಆದರೆ ಶಾಲೆಯ ವೇಳೆಗೆ ಬಸ್ಸೇ ಬಾರದ ಊರಿನಲ್ಲಿ ಇವೆರಡೂ ನಿಷ್ಪ್ರಯೋಜಕ. ಪಾಸು ರದ್ದಾದರೆ ನಾಡೆಲ್ಲ ಕೇಳುತ್ತದೆ; ಬೆಳಗಿನ ಒಂದು ಟ್ರಿಪ್ ನಿಂತರೆ ಆ ಊರಿಗಷ್ಟೇ ತಿಳಿಯುತ್ತದೆ. ಪಾಸಿನ ಮಕ್ಕಳೇ ತುಂಬಿದ ಬಸ್ಸನ್ನು ಟಿಕೆಟ್ ಆದಾಯದಿಂದ ಮಾತ್ರ ಅಳೆದರೆ ಅದು ನಷ್ಟದ ಮಾರ್ಗವಾಗಿಯೇ ಕಾಣುತ್ತದೆ.

ಶಾಲೆಯ ಬಿಸಿಯೂಟಕ್ಕೆ ಸರ್ಕಾರವು ಶರಣರ ಮಾತನ್ನೇ ಆಯ್ದು ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿದೆ. ಪಂಕ್ತಿಯವರೆಗೆ ಬರಲಾಗದ ಮಗುವಿಗೆ ದಾಸೋಹ ತಲುಪದು ಎಂಬುದನ್ನು ನಾವು ನೆನಪಿಸಬಯಸುತ್ತೇವೆ.

ಆದ್ದರಿಂದ ಪಾಲಕರು ಬರಿಯ ಮನವಿಗೆ ತೃಪ್ತರಾಗದೆ, ಶಾಲೆಯ ವೇಳೆ, ಮಕ್ಕಳ ಸಂಖ್ಯೆ, ನಿಂತುಹೋದ ಟ್ರಿಪ್ಪುಗಳನ್ನು ನಮೂದಿಸಿ ಗ್ರಾಮಸಭೆಯಲ್ಲಿ ನಿರ್ಣಯ ಕೈಗೊಳ್ಳಲಿ. ಅದರ ಪ್ರತಿ ಸಾರಿಗೆ ಘಟಕಕ್ಕೂ ಶಾಸಕರಿಗೂ ತಲುಪಲಿ. ಈ ಐದೂ ತಾಲ್ಲೂಕುಗಳು 371(ಜೆ) ವ್ಯಾಪ್ತಿಯಲ್ಲಿವೆ. ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆಂದು ಮೀಸಲಾದ ಅನುದಾನದಲ್ಲಿ ಶಾಲಾ ಮಕ್ಕಳ ಬಸ್ಸಿಗೂ ಪಾಲು ಕೇಳುವುದು ನ್ಯಾಯವೇ ಆಗಿದೆ. ಐದು ತಾಲ್ಲೂಕುಗಳು ಒಂದಾಗಿ ಕೇಳಿದರೆ ಆ ದನಿಗೆ ಬಲ ಹೆಚ್ಚು.