ಸುತ್ತಿಗೆ ಮನ್ಯಾಗ ಬಿಟ್ಟು ಹೋಗ್ರಿ

ಗಜೇಂದ್ರಗಡದ ಗುಡ್ಡದಾಗ ಫಾಸಿಲ್ ಸಿಗ್ತಾವೇನು ಅಂತ ನಮ್ಮ ಕ್ಲಾಸಿನವರು ಭಾಳ ಮಂದಿ ಕೇಳ್ತೀರಿ. ಅದು ಬದಾಮಿ ಗುಡ್ಡದಂಥ ಮರಳುಗಲ್ಲು, ಅಲ್ಲಿ ಹುಡುಕಬ್ಯಾಡ್ರಿ. ಮುಶಿಗೇರಿಯಿಂದ ಬದಾಮಿ ದಾಟಿ ಲೋಕಾಪುರದ ಕಡೆ ಹೋಗ್ರಿ. ಚಿತ್ರಭಾನುಕೋಟಿ ಸುತ್ತಿನ ಡೋಲೊಮೈಟಿನೊಳಗ ಸ್ಟ್ರೊಮಾಟೊಲೈಟ್ ಅದಾವು. ಕಲಾದಗಿ ಶಿಲೆಗಳು ಅಂತಾರ. ವಯಸ್ಸು 100 ಕೋಟಿ ವರ್ಷಕ್ಕೂ ಹೆಚ್ಚು. ಡೈನೋಸಾರ್ ಇದರ ಮುಂದ ಕೂಸು.

ಇದು ಎಲುಬಲ್ಲ, ಚಿಪ್ಪೂ ಅಲ್ಲ. ಆಗ ಅಲ್ಲಿ ಆಳ ಇಲ್ಲದ ಸಮುದ್ರ ಇತ್ತು. ತಳದಾಗ ಸಯಾನೊಬ್ಯಾಕ್ಟೀರಿಯಾದ ಲೋಳೆ ಪದರ, ಹೊಂಡದ ಮೆಟ್ಟಿಲ ಮ್ಯಾಲ ಜಾರೋ ಪಾಚಿ ಇರ್ತೈತಲ್ಲ, ಹಂಗ. ಲೋಳೆಗೆ ಸಣ್ಣ ಕೆಸರು ಅಂಟತೈತಿ. ಬೆಳಕು ಸಿಗದಂಗಾದಾಗ ಜೀವಿಗಳು ಮ್ಯಾಲ ಸರಿದು ಹೊಸ ಪದರ ಹಾಸ್ತಾವು. ಅವು ಕಾರ್ಬನ್ ಡೈಆಕ್ಸೈಡ್ ಹೀರಿದಂಗ ನೀರಿನ ಸುಣ್ಣವೂ ಅಲ್ಲೇ ಗಟ್ಟಿಯಾಗ್ತೈತಿ. ಹಿಂಗ ಗುಮ್ಮಟ, ಕಂಬ ಆಕ್ಕಾವು. ಆಸ್ಟ್ರೇಲಿಯಾದ ಶಾರ್ಕ್ ಬೇದಾಗ ಇವತ್ತಿಗೂ ಬೆಳೀತಾವು, ವರ್ಷಕ್ಕ ಹೆಚ್ಚಂದ್ರ ಅರ್ಧ ಮಿಲಿಮೀಟರ್. ಆ ಲೆಕ್ಕದಾಗ ಒಂದು ಗೇಣು ಬೆಳಿಯಾಕ 400 ವರ್ಷ ಸಾಲೂದಿಲ್ಲ.

"ಮಳಿ-ಬಿಸಿಲಿಗೆ ಹೆಂಗೂ ಸವೀತೈತಿ, ಒಂದು ತುಂಡು ತಂದ್ರ ಏನಾತು?" ಅನ್ನೋರು ಅದೀರಿ. ನಾ ಒಪ್ಪೂದಿಲ್ಲ. ಇದನ್ನ ನಮಗ ತೋರಿಸಿದ್ದೇ ಆ ಸವಕಳಿ. ಮಳೆನೀರು ಗಾಳಿಯಾಗಿನ ಕಾರ್ಬನ್ ಡೈಆಕ್ಸೈಡ್ ಕೂಡಿ ತುಸು ಆಮ್ಲ ಆಗ್ತೈತಿ. ಸುಣ್ಣದ ಪದರ ಲಗೂನ ಕರಗತೈತಿ, ಡೋಲೊಮೈಟ್ ನಿಧಾನ, ನಡುವ ಚರ್ಟ್ ಅನ್ನೋ ಸಿಲಿಕಾ ಪದರ ಇದ್ರ ಅದು ಜಗ್ಗೂದೇ ಇಲ್ಲ. ಅದಕ್ಕ ಗೆರಿಗಳು ಏಣಾಗಿ ಎದ್ದು ಕಾಣ್ತಾವು. ಹೊಸದಾಗಿ ಒಡದ ಮುಖದಾಗ ಆ ಗೆರಿ ಅಷ್ಟು ಸ್ಪಷ್ಟ ಇರೂದಿಲ್ಲ, ಬರೇ ಬೂದು ಕಲ್ಲು. ಮ್ಯಾಲ, ಗುಮ್ಮಟದ ಉಬ್ಬು ಯಾವ ಕಡೆ ಐತಿ ಅನ್ನೂದರ ಮ್ಯಾಲ, ಮಡಚಿದ ಶಿಲೆಯೊಳಗ ಮೂಲದಾಗ ಯಾವ ಬದಿ ಮ್ಯಾಲಿತ್ತು ಅಂತ ಓದ್ತಾರ. ನಿಮ್ಮ ಟೇಬಲ್ ಮ್ಯಾಲ ಇಟ್ಟ ತುಂಡು ಇದನ್ನ ಹೇಳೂದಿಲ್ಲ.

ಗಣಿ ದೊಡ್ಡ ಮಾತು, ಖರೆ. ಸುಣ್ಣದಕಲ್ಲು ಸಿಮೆಂಟಿಗೆ ಬೇಕು, ಮನಿ ಕಟ್ಟಾವರು ನಾವೂ ಅದೀವಿ. ಆದ್ರ ರಾಜಸ್ಥಾನದ ಝಾಮರಕೋಟ್ರಾದಾಗ ರಾಕ್ ಫಾಸ್ಫೇಟ್ ಗಣಿ ಐತಿ, ಅಲ್ಲೇ ಸ್ಟ್ರೊಮಾಟೊಲೈಟ್ ಉದ್ಯಾನವೂ ಐತಿ. ಕಲಾದಗಿ ಕಲ್ಲಿಗೂ ನಾಲ್ಕು ಗುಂಟೆ ಜಾಗ, ಒಂದು ಬೇಲಿ, ಒಂದು ಕನ್ನಡ ಬೋರ್ಡ್ ಕೇಳೂದು ಹೆಚ್ಚಾತೇನು?

ಹೋದ್ರ ಸಂಜೀಮುಂದ ಹೋಗ್ರಿ, ಓರೆ ಬಿಸಿಲಿಗೆ ಪದರ ಚಂದ ಕಾಣ್ತಾವು. ಅಳತಿಗೆ ಪಕ್ಕದಾಗ ಐದು ರೂಪಾಯಿ ನಾಣ್ಯ ಇಡ್ರಿ. ಹೊಲದಾಗ ಇದ್ರ ಹೊಲದವರನ್ನ ಕೇಳಿ ಇಳೀರಿ. ಪೋಸ್ಟ್ ಹಾಕುವಾಗ ಊರಿನ ಹೆಸರು ಸಾಕು, ಬಂಡಿಯ ಪಿನ್ ಹಾಕಬ್ಯಾಡ್ರಿ.