ಮನೆ-ಮನ: ಬೇವಿನ ನೆರಳೂ ಮನಸ್ಸಿನ ನೆಮ್ಮದಿಯೂ

ದೇಹಕ್ಕೆ ಜ್ವರ ಬಂದರೆ ಮನೆಮಂದಿಯೆಲ್ಲ ಎಚ್ಚರಗೊಳ್ಳುತ್ತಾರೆ. ಮನಸ್ಸು ಬಳಲಿದರೆ ಗಮನಿಸುವವರು ವಿರಳ. ಬೆಳೆಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟ ಯಜಮಾನ, ಪರೀಕ್ಷೆಯ ಭಯದಲ್ಲಿರುವ ಮಗ, ದಿನವಿಡೀ ಮನೆಯೊಳಗೇ ದುಡಿಯುವ ಗೃಹಿಣಿ, ಇವರೆಲ್ಲರಿಗೂ ಖರ್ಚಿಲ್ಲದೆ ದೊರೆಯುವ ಆಸರೆಯೊಂದಿದೆ. ಅದುವೇ ನಿಸರ್ಗದ ಸಾನ್ನಿಧ್ಯ.

ಇದು ಬರಿಯ ಕವಿಕಲ್ಪನೆಯಲ್ಲ. ಅಮೇರಿಕೆಯ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಶಸ್ತ್ರಚಿಕಿತ್ಸೆಗೊಳಗಾದ ರೋಗಿಗಳ ದಾಖಲೆಗಳನ್ನು ಹೋಲಿಸಿ, 1984ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗನೆ ಮನೆಗೆ ಮರಳಿದ್ದರು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಅಧ್ಯಯನವೊಂದು ಪ್ರಕಟವಾಯಿತು. ವಾರಕ್ಕೆ ಕನಿಷ್ಠ 120 ನಿಮಿಷ ನಿಸರ್ಗದಲ್ಲಿ ಕಳೆಯುವವರಲ್ಲಿ ಆರೋಗ್ಯ, ನೆಮ್ಮದಿ ಚೆನ್ನಾಗಿವೆ ಎಂದವರ ಪ್ರಮಾಣ ಹೆಚ್ಚಾಗಿತ್ತು.

ನಮ್ಮ ಬಿಸಿಲುನಾಡಿನಲ್ಲಿ ಕಾಡೆಲ್ಲಿದೆ ಎಂದು ಕೇಳಬಹುದು. ಮಸ್ಕಿಯವರಿಗೆ ಮಲ್ಲಿಕಾರ್ಜುನನ ಬೆಟ್ಟವಿದೆ. ಸಿಂಧನೂರಿನವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳಿವೆ. ಲಿಂಗಸುಗೂರು ತಾಲೂಕಿನವರಿಗೆ ಜಲದುರ್ಗದ ಕೃಷ್ಣೆಯಿದೆ. ದೂರ ಹೋಗಲಾಗದವರಿಗೆ ಮನೆಯೆದುರಿನ ಬೇವೇ ಸಾಕು. ನೆರಳಿನ ಬೆಲೆ ಈ ನೆಲಕ್ಕೆ ಹೊಸದೇನಲ್ಲ. 1915ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನ ಹೆಸರಿದೆ. ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದ ಸಂಗತಿಯನ್ನು ಆ ಅರಸನೇ ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ.

ಸದಾ ಹೊಲದಲ್ಲಿಯೇ ಇರುವ ರೈತನಿಗೆ ಈ ಮಾತು ಬೇಕೆ? ಅವಶ್ಯವಾಗಿ ಬೇಕು. ದುಡಿಯುವಾಗ ಅವನ ಕಣ್ಣಿಗೆ ಪೈರಿನಲ್ಲಿಯೂ ಸಾಲದ ಲೆಕ್ಕವೇ ಕಾಣುತ್ತದೆ. ಕೆಲಸ ಮುಗಿದ ಬಳಿಕ ಬದುವಿನ ಮರದಡಿ, ಏನನ್ನೂ ಎಣಿಸದೆ, ಹಕ್ಕಿಗಳ ದನಿಗೆ ಕಿವಿಗೊಟ್ಟು ಕೂಡುವ ಹೊತ್ತೇ ಬೇರೆ. ಒಂದೇ ಚಿಂತೆಯನ್ನು ಮೆಲುಕು ಹಾಕುತ್ತಿರುವ ಮನಸ್ಸಿಗೆ ಆಗ ಬಿಡುವು ದೊರೆಯುತ್ತದೆ.

ದಿನಕ್ಕೆ 20 ನಿಮಿಷದಂತೆ ವಾರದಲ್ಲಿ ಆರು ದಿನ ಸಾಧಿಸಿದರೆ 120 ನಿಮಿಷವಾಗುತ್ತದೆ. ಬೇಸಿಗೆಯಲ್ಲಿ ಮುಂಜಾನೆ ಇಲ್ಲವೆ ಸಂಜೆ ತಂಪಿನಲ್ಲಿ ಹೊರಡಿರಿ. ಮೊಬೈಲನ್ನು ಮನೆಯಲ್ಲಿಡಿರಿ, ಹಿರಿಯರನ್ನೂ ಸೊಸೆಯಂದಿರನ್ನೂ ಜೊತೆಗೆ ಕರೆದೊಯ್ಯಿರಿ. ತುಂಬಿದ ಕಾಲುವೆಯ ಅಂಚಿಗೆ ಮಕ್ಕಳನ್ನು ಬಿಡಬೇಡಿರಿ. ಔಷಧ ಸಿಂಪಡಿಸಿದ ಗದ್ದೆಯಿಂದ ದೂರವಿರಿ.

ಆದರೆ ನಿಸರ್ಗವು ವೈದ್ಯರ ಬದಲಿಯಲ್ಲ. ಎರಡು ವಾರ ಕಳೆದರೂ ನಿದ್ದೆ, ಊಟ, ಉತ್ಸಾಹ ಮರಳದಿದ್ದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರಂತೂ ಒಂದು ದಿನವೂ ತಡಮಾಡಬಾರದು. ಸರ್ಕಾರದ ಟೆಲಿ-ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರಕ್ಕೆ ಮದ್ದು ಕೇಳಲು ನಾಚದ ನಾವು ಮನದ ನೋವಿಗೆ ನೆರವು ಕೇಳಲು ನಾಚಬೇಕಿಲ್ಲ.